ಹಿಂದಿನ ಕೋಣೆಗೆ ಬರುತ್ತಿದ್ದ ಒನೆಸಿಮ್

ಆಲೂಗಡ್ಡೆ ಕೀಳುವ ಕೆಲಸ ಮುಗಿದು ಹೊಲಗಳು ಬೋಳಾದವು ಅಂದರೆ, ದೂರದ ಚಳಿ ನಾಡಿನ ಸೇಂಟ್ ಜಾನ್ ಹೊಳೆಯ ದಂಡೆಯ ಜನ ಮೊದಲು ಮಾಡುವ ಕೆಲಸ ಮನೆಗೆ ಹೊದಿಕೆ ಹೊದಿಸುವುದು. ಮನುಷ್ಯರಿಗೆ ಕಂಬಳಿ ಆಮೇಲೆ. ಒಣಹುಲ್ಲಿನ ದಪ್ಪ ಕಟ್ಟುಗಳನ್ನು ತಂದು ಗೋಡೆಯ ಬುಡಕ್ಕೆ ಸುತ್ತಲೂ ಒತ್ತಿ ಜೋಡಿಸುತ್ತಾರೆ. ಅದರ ಮೇಲೆ ಫರ್ ಮರದ ಹಸಿ ಕೊಂಬೆಗಳನ್ನು ಹೇರುತ್ತಾರೆ. ಆಮೇಲೆ ಹಿಮ ಬಿದ್ದು ಎಲ್ಲವನ್ನೂ ಮೆತ್ತಿ ಹಾಕಿದರೆ ಮುಗಿಯಿತು, ನೆಲದ ಹಲಗೆ ಸಂದಿಯಿಂದ ಒಂದು ಎಳೆ ಗಾಳಿಯೂ ಒಳಗೆ ಸುಳಿಯುವುದಿಲ್ಲ. ಅಪ್ಪ ಮಾಡಿದ್ದು, ತಾತ ಮಾಡಿದ್ದು. ಯಾರ ಮನೆಯ ಹೊದಿಕೆ ಒಪ್ಪವಾಗಿದೆ, ಯಾರದ್ದು ಜೋತು ಬಿದ್ದಿದೆ ಅಂತ ಚರ್ಚಿನಿಂದ ಬರುವಾಗ ಕಾರಿನೊಳಗಿಂದಲೇ ನೋಡಿ ಮಾತಾಡಿಕೊಳ್ಳುತ್ತಾರೆ.

ಲಿಸೆಟ್‌ಳ ಅತ್ತೆ ಫ್ಲೊರೀನ್ ಈ ಕೆಲಸದಲ್ಲಿ ಊರಿಗೇ ಹೆಸರು ಮಾಡಿದವರು. ಗಂಡ ಒನೆಸಿಮ್ ಇದ್ದಾಗ ಅವನು ಕಟ್ಟು ಹೊರುವುದು, ಇವರು ಒದ್ದು ಒದ್ದು ಸಾಲು ಮಾಡುವುದು. ಒನೆಸಿಮ್ ಹೋದ ಮೇಲೆ ಕಟ್ಟು ಹೊರುವ ಕೆಲಸ ಸೊಸೆಗೆ ಬಂತು.

ಆ ವರ್ಷ ಮನೆಯಲ್ಲಿ ಒಂದು ಹೊಸದು ನಡೆದಿತ್ತು. ಹಳೆಯ ಚಿಮಣಿ ಬಿರುಕು ಬಿಟ್ಟಿತ್ತು ಅಂತ ಲಿಸೆಟ್‌ಳ ಗಂಡ ರೆಮಿ ಸೌದೆ ಒಲೆಯನ್ನು ತೆಗೆಸಿ, ಹಿಂದಿನ ಕೋಣೆಗೆ ಎಣ್ಣೆಯಲ್ಲಿ ಉರಿಯುವ ಹೀಟರ್ ಹಾಕಿಸಿದ್ದ. ಅದರ ಹೊಗೆ ಚಾವಣಿ ಹತ್ತಿ ಹೋಗುವುದಿಲ್ಲ. ಮೊಣಕಾಲೆತ್ತರದಲ್ಲಿ ಗೋಡೆ ತೂರಿ ಸೀದಾ ಹೊರಗೆ ಹೋಗುತ್ತದೆ. ಹಾಕಿದವನು, "ಈ ಕೊಳವೆ ಮುಂದೆ ಏನೂ ಇಡಬೇಡಿ" ಅಂದಿದ್ದ. ರೆಮಿ "ಆಯ್ತು" ಅಂದಿದ್ದ. ಮಾರನೇ ದಿನವೇ ಮರದ ದಿಮ್ಮಿ ಸಾಗಿಸುವ ಲಾರಿ ಹತ್ತಿ ಕಾಡಿಗೆ ಹೋಗಿಬಿಟ್ಟ. ಮನೆಯ ಹೆಂಗಸರಿಗೆ ಹೇಳಬೇಕು ಅಂತ ಅವನಿಗೆ ಹೊಳೆಯಲೇ ಇಲ್ಲ.

ಹೊದಿಕೆ ಹಾಕುವ ದಿನ ಫ್ಲೊರೀನ್ ಆ ಕೊಳವೆಯ ಬಾಯಿ ನೋಡಿ ಸೊಂಟಕ್ಕೆ ಕೈಕೊಟ್ಟು ನಿಂತರು.

"ಇದೇನೇ ಇದು? ಚಳೀನ ಬಾ ಅಂತ ಬಾಗಿಲು ತೆಗೆದಿಟ್ಟ ಹಾಗಿದೆ!"

"ಅದು ಹೊಸ ಹೀಟರಿಂದು ಅತ್ತೆ."

"ಯಾರದಾದ್ರೂ ಇರ್ಲಿ. ತೂತು ತೂತೇ. ಆ ದಪ್ಪನೆ ಕಟ್ಟು ಕೊಡು ಇಲ್ಲಿ."

ಲಿಸೆಟ್ ಕೊಟ್ಟಳು. ಫ್ಲೊರೀನ್ ಅದನ್ನು ಕೊಳವೆಯ ಮುಂದೆ ಒತ್ತಿ ಕೂರಿಸಿ, ಮೇಲೆ ಕೊಂಬೆ ಹೇರಿ, ಬೂಟುಗಾಲಿನಲ್ಲಿ ಎರಡು ಸಲ ಒದ್ದರು. ಒಳ್ಳೇ ಹೊದಿಕೆ. ಊರಿಗೇ ಚಂದದ ಹೊದಿಕೆ.

ಲಿಸೆಟ್‌ಗೆ ಒಬ್ಬ ಗೆಳತಿ ಇದ್ದಳು. ಮುಖ ನೋಡಿದ್ದಿಲ್ಲ, ದನಿ ಕೇಳಿದ್ದಿಲ್ಲ. ಫೋನಿನಲ್ಲಿ ಕ್ರಿಬೇಜ್ ಅನ್ನುವ, ಎಲೆ ಕೂಡಿಸಿ ಹದಿನೈದು ಮಾಡುವ ಇಸ್ಪೀಟು ಆಟ ಆಡುವಾಗ ಪರಿಚಯ ಆದವಳು. ಹೆಸರು ವೆರ್ನಾ. ಊರು ದೂರದ ನಾರ್ತ್ ಡಕೋಟಾ. ಸ್ಕೂಲ್ ಬಸ್ ಓಡಿಸಿ ನಿವೃತ್ತಿಯಾದ, ಎಪ್ಪತ್ತು ದಾಟಿದ ಹೆಂಗಸು. ತನ್ನ ಫೋಟೋ ಇರಬೇಕಾದ ಜಾಗದಲ್ಲಿ ಒಂದು ನೀಲಿ ಕೆಟಲ್‌ನ ಚಿತ್ರ ಹಾಕಿದ್ದಳು. ಮೊದಮೊದಲು ಲಿಸೆಟ್ ಅವಳನ್ನು ಅಜ್ಜಿ ಅಂತ ಕರೆದಿದ್ದಕ್ಕೆ, "ಅಜ್ಜಿ ಗಿಜ್ಜಿ ಅಂದ್ರೆ ಆಟ ಬಿಟ್ಟು ಎದ್ದೋಗ್ತೀನಿ, ಅಕ್ಕ ಅನ್ನು" ಅಂತ ಬರೆದಿದ್ದಳು. ಅಂದಿನಿಂದ ವೆರ್ನಕ್ಕ.

ಆಟ ನೆಪ. ಎಲೆ ಇಳಿಸುತ್ತಾ ಇಳಿಸುತ್ತಾ ವೆರ್ನಕ್ಕ ಬದುಕುವುದನ್ನು ಹೇಳಿಕೊಡುತ್ತಿದ್ದಳು. ಲಿಸೆಟ್‌ಗೆ ತಾಯಿ ಚಿಕ್ಕಂದಿನಲ್ಲೇ ಹೋಗಿದ್ದರು, ಕೇಳುವುದಕ್ಕೆ ಬೇರೆ ಯಾರೂ ಇರಲಿಲ್ಲ. "ಅತ್ತೆ ಹತ್ರ ಕಷ್ಟದ ಮಾತು ಆಡ್ಬೇಕಾ? ಅಡುಗೆಮನೇಲಿ ಆಡಬೇಡ. ಕಾರಲ್ಲಿ ಆಡು. ಇಬ್ರೂ ರಸ್ತೆ ನೋಡ್ತಾ ಇರ್ತೀರ, ಮುಖ ಮುಖ ನೋಡಿ ಕೆರಳೋದು ಇರಲ್ಲ." ಇನ್ನೊಂದು ಸಲ, "ಅಳು ಬಂದ್ರೆ ಪಾತ್ರೆ ತೊಳೆಯೋವಾಗ ಅಳು, ಯಾರೂ ಕೇಳಲ್ಲ. ಆದ್ರೆ ದಿನಾ ಪಾತ್ರೆ ತೊಳೆಯೋವಾಗ ಅಳು ಬರ್ತಿದ್ರೆ ನಂಗೆ ಹೇಳು." ಮತ್ತೊಂದು ಸಲ ಗದರಿದ್ದಳು: "ಫೋನಲ್ಲಿ ಸ್ನೇಹ ಮಾಡಿ ದುಡ್ಡು ಕೇಳೋರು ಯಾರೇ ಆಗ್ಲಿ, ಆ ಗಳಿಗೇಲೇ ಮುಚ್ಚಿಬಿಡು. ನಾನು ಕೇಳಿದ್ರೂ ಸೇರಿ."

ರೆಮಿಗೆ ಈ ಅಕ್ಕನ ಮೇಲೆ ನಂಬಿಕೆ ಇರಲಿಲ್ಲ. "ವೆರ್ನಕ್ಕ ಅಂತೆ! ಯಾವನೋ ಗಡ್ಡದೋನು ಚಡ್ಡಿ ಹಾಕ್ಕೊಂಡು ಸೋಫಾ ಮೇಲೆ ಕೂತಿರ್ತಾನೆ ನೋಡು" ಅಂತ ಕಿಚಾಯಿಸುತ್ತಿದ್ದ.

ಹಿಮ ಬಿತ್ತು. ಹೊದಿಕೆ ಮುಚ್ಚಿತು. ಮನೆ ಬೆಚ್ಚಗಾಯಿತು.

ಆಮೇಲೆ ಮನೆಗೆ ಏನೋ ಹೊಕ್ಕಿತು.

ಮೊದಲು ಗೊತ್ತಾಗಿದ್ದು ನಾಯಿಗೆ. ಪಾಟಾಟ್ ಅಂತ ಅದರ ಹೆಸರು, ಮುದಿ ನಾಯಿ, ಬೆಂಕಿ ಕಂಡಲ್ಲಿ ಬಿದ್ದುಕೊಳ್ಳುವ ಸೋಮಾರಿ. ಅದು ಹಿಂದಿನ ಕೋಣೆಯ ಹೊಸಿಲು ದಾಟುವುದನ್ನೇ ಬಿಟ್ಟಿತು. ಹೊಸಿಲಲ್ಲಿ ನಿಂತು ಒನೆಸಿಮ್‌ನ ಖಾಲಿ ಕುರ್ಚಿಯ ಕಡೆ ನೋಡಿ ಸಣ್ಣಗೆ ಕುಂಯ್ ಅನ್ನುವುದು, ಹಿಂದೆ ಹಿಂದೆ ಸರಿಯುವುದು. ಕೊನೆಗೆ ಹಿಮದಲ್ಲಿ ಸೌದೆಯ ಕೊಟ್ಟಿಗೆಯೇ ವಾಸಿ ಅಂತ ಅಲ್ಲೇ ಮಲಗತೊಡಗಿತು.

ಆಮೇಲೆ ಲಿಸೆಟ್‌ಗೆ ಹೆಜ್ಜೆ ಸಪ್ಪಳ ಕೇಳಿಸಿತು. ಮಟಮಟ ಮಧ್ಯಾಹ್ನ. ಬಟ್ಟೆ ಮಡಿಸುತ್ತಿದ್ದಳು. ಮೇಲಿನ ಅಂತಸ್ತಿನಲ್ಲಿ ಯಾರೋ ಭಾರವಾಗಿ ನಡೆದು ಬಂದು ಮೆಟ್ಟಿಲ ತುದಿಯಲ್ಲಿ ನಿಂತಂತಾಯಿತು. ಕತ್ತೆತ್ತಿ ನೋಡಿದಳು. ಯಾರೂ ಇಲ್ಲ. ಆದರೆ ಬೆನ್ನಿಗೆ ಯಾರದೋ ನೋಟ ಅಂಟಿಕೊಂಡಂತೆ ಅನ್ನಿಸುವುದು ನಿಲ್ಲಲಿಲ್ಲ. ಅಡುಗೆಮನೆಯ ಒಲೆಯ ಮೇಲೆ ಕೆಟಲ್ ಕುದಿಯುತ್ತಿತ್ತು. ತಾನು ಇಟ್ಟ ನೆನಪೇ ಇಲ್ಲ. ತಲೆಗೆ ಬಿಗಿ ಟೋಪಿ ಹಾಕಿ ಹಗ್ಗ ಎಳೆದಂತೆ ನೋವು. ಹೊಟ್ಟೆಯಲ್ಲಿ ತೊಳಸು.

"ಜ್ವರ ಬರೋ ಹಾಗಿದೆ ಅತ್ತೆ. ತಲೆ ಸಿಡೀತಿದೆ."

"ನಂಗೂ ಕಣೇ. ಹವಾ ಬದಲಾಯ್ತಲ್ಲ" ಅಂದರು ಫ್ಲೊರೀನ್. ಅಂದವರು ದನಿ ತಗ್ಗಿಸಿ, "ನಿಂಗೂ ಕೇಳಿಸ್ತಾ?" ಅಂದರು.

"ಏನು?"

"ಏನಿಲ್ಲ ಬಿಡು."

ಆದರೆ ಅತ್ತೆಯ ಮುಖದಲ್ಲಿ ಹೆದರಿಕೆ ಇರಲಿಲ್ಲ. ಎರಡು ವರ್ಷದಿಂದ ನಗು ಮರೆತಿದ್ದ ಮುಖ ಅದು. ಈಗ ತುಟಿಯಂಚಿನಲ್ಲಿ ಏನೋ ಬಚ್ಚಿಟ್ಟುಕೊಂಡ ಹುಡುಗಿಯ ಹಾಗೆ ಕಾಣುತ್ತಿತ್ತು. ಲಿಸೆಟ್‌ಗೆ ಹೆಜ್ಜೆ ಸಪ್ಪಳಕ್ಕಿಂತ ಆ ನಗು ನೋಡಿ ಮೈ ಜುಂ ಅಂದಿತು.

ಆ ಭಾನುವಾರ ರೆಮಿ ಊರಲ್ಲಿದ್ದ. ಫ್ಲೊರೀನ್ ಬೆಳಗ್ಗೆ ಪ್ಲೋಯ್ ಹೊಯ್ದರು. ಅದು ನಮ್ಮ ದೋಸೆಯ ತಂಗಿ ಇದ್ದಂತೆ, ಒಂದೇ ಮಗ್ಗುಲು ಬೇಯಿಸುವುದು, ಮಗುಚಿದರೆ ಬೈಗುಳ. ಮೇಜಿನ ಮೇಲೆ ತಟ್ಟೆ ಇಟ್ಟರು. ರೆಮಿ ಎಣಿಸಿದ.

"ಒಂದು ಜಾಸ್ತಿ ಇಟ್ಟಿದ್ದೀಯಲ್ಲಮ್ಮ. ಯಾರು ಬರ್ತಿದಾರೆ?"

"ನಿಮ್ಮಪ್ಪ."

ರೆಮಿಯ ಕೈಯಲ್ಲಿದ್ದ ಬೆಣ್ಣೆ ಚಾಕು ಅಲ್ಲೇ ನಿಂತಿತು.

"ಬರ್ತಾನೆ ಕಣೋ ದಿನಾ. ಹಿಂದಿನ ಕೋಣೇಲಿ ಕೂರ್ತಾನೆ. ಟೋಪಿ ಮಾತ್ರ ತೆಗೆಯಲ್ಲ, ಎಷ್ಟು ಹೇಳಿದ್ರೂ ಅದೇ ಹಟ. ಮಾತಾಡಲ್ಲ. ನಾನಾಡಿದ್ದು ಕೇಳ್ತಾನೆ." ಫ್ಲೊರೀನ್ ಆ ಖಾಲಿ ತಟ್ಟೆಗೆ ಬಿಸಿಬಿಸಿ ಪ್ಲೋಯ್ ಹಾಕಿ, ಬೆಣ್ಣೆ ಸವರಿ, ಸುರುಳಿ ಸುತ್ತಿ ಇಟ್ಟರು. "ಆರೋಗತ್ತೆ, ತಿನ್ನು" ಅಂದರು, ಯಾರೂ ಇಲ್ಲದ ಕಡೆ ನೋಡಿ.

ಹೊರಗೆ ಬಂದ ಮೇಲೆ ರೆಮಿ ಹೆಂಡತಿಯ ತೋಳು ಹಿಡಿದುಕೊಂಡ. "ಅಮ್ಮಂಗೆ ಬುದ್ಧಿ ಸ್ಥಿಮಿತ ತಪ್ಪಿದೆ ಕಣೇ. ಪಾದ್ರಿಗಳನ್ನ ಕರೆಸ್ಬೇಕಾ, ಡಾಕ್ಟ್ರಿಗೆ ತೋರಿಸ್ಬೇಕಾ, ನಂಗೇ ತೋಚ್ತಿಲ್ಲ."

"ನಂಗೂ ಹೆಜ್ಜೆ ಸಪ್ಪಳ ಕೇಳಿಸತ್ತೆ ರೆಮಿ."

"ನೀನೂ ಶುರು ಮಾಡ್ಬೇಡ! ಇದೆಲ್ಲ ಆ ನಿನ್ನ ಗಡ್ಡದಕ್ಕ ತಲೆಗೆ ತುಂಬಿದ್ದು ತಾನೆ?" ಅಂದವನು ಹಣೆ ಒತ್ತಿಕೊಂಡ. "ಒಂದು ದಿನ ಮನೇಲಿದ್ರೆ ನಂಗೂ ತಲೆ ಚಿಟ್ಟು ಹಿಡಿಯತ್ತೆ. ಲಾರೀಲೇ ವಾಸಿ" ಅಂತ ಗೊಣಗುತ್ತಾ ಸಂಜೆಯೇ ಹೊರಟುಬಿಟ್ಟ.

ನಿಜ ಹೇಳಬೇಕೆಂದರೆ ವೆರ್ನಕ್ಕನಿಗೆ ಲಿಸೆಟ್ ಇದನ್ನೆಲ್ಲ ಹೇಳಿಯೇ ಇರಲಿಲ್ಲ. ದೆವ್ವದ ಮಾತಾಡಿದರೆ ನಕ್ಕಾಳು ಅಂತ ನಾಚಿಕೆ. ಆದರೆ ವೆರ್ನಕ್ಕ ಇಸ್ಪೀಟು ಎಲೆಯಲ್ಲೇ ಏನನ್ನೋ ಕಂಡಿದ್ದಳು.

ಲಿಸೆಟ್ ಆಲೂಗಡ್ಡೆ ಗೋದಾಮಿನಲ್ಲಿ ಬಿತ್ತನೆ ಗಡ್ಡೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಊಟದ ಬಿಡುವಿನಲ್ಲಿ ಅಲ್ಲಿಂದ ಒಂದಾಟ. ಮನೆಗೆ ಬಂದ ಮೇಲೆ ಒಂದಾಟ. ಒಂದು ದಿನ ಜೋರು ಹಿಮಗಾಳಿ, ಗೋದಾಮಿಗೆ ರಜೆ. ಬೆಳಗಿನಿಂದ ಮನೆಯಲ್ಲೇ. ಮಧ್ಯಾಹ್ನ ಮೂರು ಗಂಟೆಗೇ ಕಿಟಕಿಯಾಚೆ ಬೆಳಕು ಬೂದಿ ಬಣ್ಣಕ್ಕೆ ತಿರುಗಿತ್ತು. ಲಿಸೆಟ್ ಅಡುಗೆಮನೆಯಲ್ಲಿ ಮೇಜಿಗೆ ತಲೆ ಆನಿಸಿ ಆಡುತ್ತಿದ್ದಳು. ಬೆರಳು ಬೇರೆಯವರದಂತೆ ಅನ್ನಿಸುತ್ತಿತ್ತು.

"ಏ ಹುಡುಗಿ, ಏಳು ಎಂಟು ಕೂಡಿದ್ರೆ ಎಷ್ಟು?" ಅಂತ ವೆರ್ನಕ್ಕ ಬರೆದಳು.

ಲಿಸೆಟ್ ಆ ಸಾಲನ್ನು ಬಹಳ ಹೊತ್ತು ನೋಡಿದಳು. ಉತ್ತರ ಎಲ್ಲೋ ನೀರಿನಡಿ ಇದ್ದ ಹಾಗಿತ್ತು. ಕೈಗೆ ಸಿಗುತ್ತಿರಲಿಲ್ಲ.

"ನಾನು ತಮಾಷೆ ಮಾಡ್ತಿಲ್ಲ. ಗೋದಾಮಿಂದ ಆಡ್ದಾಗ ನನ್ನ ಚಿಂದಿ ಮಾಡ್ತೀಯ. ಮನೆಯಿಂದ ಆಡ್ದಾಗ ಹದಿನೈದು ಕೂಡಿಸಕ್ಕೂ ಬರಲ್ಲ. ಎಷ್ಟೋ ದಿನದಿಂದ ನೋಡ್ತಿದೀನಿ. ತಲೆನೋವಿದ್ಯಾ?"

"ಇದೆ."

"ನಿಮ್ಮತ್ತೆಗೆ?"

"ಅವ್ರಿಗೂ."

"ಹೊರಗೆ ಹೋದ್ರೆ?"

ಲಿಸೆಟ್ ಯೋಚಿಸಿದಳು. "ಹೊರಗೆ ಹೋದ್ರೆ ಬಿಡತ್ತೆ" ಅಂತ ಬರೆದಳು. ಬರೆದ ಮೇಲೆ ಅದು ವಿಚಿತ್ರ ಅಂತ ಅವಳಿಗೇ ಅನ್ನಿಸಿತು.

"ನಾಯಿ ಎಲ್ಲಿ?"

"ಕೊಟ್ಟಿಗೇಲಿ. ಒಳಗೆ ಬರಲ್ಲ. ವೆರ್ನಕ್ಕ, ನಗಬೇಡ. ನಮ್ಮನೇಗೆ ಸತ್ತ ಮಾವ ಬರ್ತಿದಾರೆ. ಅತ್ತೆ ನೋಡಿದಾರೆ. ನಾನು ಕೇಳಿಸ್ಕೊಂಡಿದೀನಿ."

ಹಿಂದಿನ ಕೋಣೆಯಿಂದ ಫ್ಲೊರೀನ್ ಯಾರ ಹತ್ತಿರವೋ ಮಾತಾಡುವುದು ಕೇಳಿಸಿತು. ಮಾತು ನಿಲ್ಲಿಸಿ, ಉತ್ತರ ಕೇಳಿಸಿಕೊಂಡವರಂತೆ ಕಿಲಕಿಲ ನಕ್ಕರು.

"ನಿಮ್ಮ ಹೀಟರ್ ಹೊಗೆ ಎಲ್ಲಿಂದ ಹೊರಗೆ ಹೋಗತ್ತೆ?"

"ಗೋಡೇಲಿ ಕೊಳವೆ ಇದೆ."

"ಅದರ ಬಾಯಿ ತೆರೆದಿದ್ಯಾ?"

ಲಿಸೆಟ್‌ಗೆ ಹುಲ್ಲಿನ ಕಟ್ಟು ಕಣ್ಣಿಗೆ ಬಂತು. ಅದನ್ನು ಎತ್ತಿ ಕೊಟ್ಟ ತನ್ನದೇ ಕೈ ಕಣ್ಣಿಗೆ ಬಂತು.

"ಮುಚ್ಚಿದೀವಿ" ಅಂತ ಬರೆದಳು.

"ಆಟ ಮುಗೀತು. ಎದ್ದೇಳು. ಅತ್ತೇನ ಕರ್ಕೊಂಡು ಹೊರಗೆ ಹೋಗು. ಈಗ. ಹೊರಗೆ ನಿಂತು ಅಗ್ನಿಶಾಮಕದೋರಿಗೆ ಫೋನ್ ಮಾಡು."

"ಕಿಟಕಿ ತೆಗೆದ್ರೆ ಸಾಲದಾ? ಹಿಮ ಬೀಳ್ತಿದೆ."

"ಸಾಲದು. ಕಾಣದ ವಿಷ ಅದು, ವಾಸನೆ ಇರಲ್ಲ. ನನ್ನ ನಂಬಬೇಡ, ನಾನು ಯಾರೋ ದೂರದೋಳು. ಅಳೆಯೋ ಯಂತ್ರ ಇರೋರು ಬಂದು ಹೇಳ್ಲಿ. ಆದ್ರೆ ಅವ್ರು ಬರೋವರ್ಗೂ ಒಳಗಿರ್ಬೇಡ. ಇನ್ನೊಂದು ಮಾತು. ಅತ್ತೆ ಜೊತೆ ವಾದ ಮಾಡ್ಬೇಡ. ಅವರಿಲ್ಲ ಅಂತ ಮಾತ್ರ ಹೇಳ್ಬೇಡ."

ಲಿಸೆಟ್ ಎದ್ದಳು. ನೆಲ ದೋಣಿಯ ಹಾಗೆ ತೂಗಿತು. ಗೋಡೆ ಹಿಡಿದು ಹಿಂದಿನ ಕೋಣೆಗೆ ಬಂದಳು.

ಕೋಣೆ ಹಿತವಾಗಿ ಬೆಚ್ಚಗಿತ್ತು. ಫ್ಲೊರೀನ್ ಹೀಟರಿನ ಪಕ್ಕ ಕೂತಿದ್ದರು. ಎದುರಿಗೆ ಒನೆಸಿಮ್‌ನ ಕುರ್ಚಿ. ನಡುವೆ ಸಣ್ಣ ಮೇಜು, ಎರಡು ಕಪ್ ಚಹಾ. ಎದುರು ಕುರ್ಚಿಯ ಮೆತ್ತೆ ಯಾರೋ ಕೂತಂತೆ ತಗ್ಗಿತ್ತು. ಲಿಸೆಟ್ ಕಣ್ಣು ಉಜ್ಜಿದಳು. ಕುರ್ಚಿಯ ಬೆನ್ನಿನ ಮೇಲೆ, ಬೂದು ಬೆಳಕಿನಲ್ಲಿ, ಟೋಪಿ ಹಾಕಿದ ತಲೆಯೊಂದರ ಅಂಚು ಕಂಡ ಹಾಗಾಯಿತು. ಅದು ಮೆಲ್ಲಗೆ ಅವಳ ಕಡೆ ತಿರುಗಿತು.

"ಶ್! ಈಗಷ್ಟೇ ಕೂತಿದಾನೆ" ಅಂದರು ಫ್ಲೊರೀನ್. ನಾಲಿಗೆ ತೊದಲುತ್ತಿತ್ತು. "ನೀನೂ ಕೂರು ಬಾ. ಎಷ್ಟು ನೆಮ್ಮದಿಯಾಗಿದೆ ನೋಡು."

ಕೂರಬೇಕು ಅನ್ನಿಸಿತು. ಒಂದೇ ಒಂದು ನಿಮಿಷ. ಗೋಡೆಗೆ ಒರಗಿ ಕಣ್ಣು ಮುಚ್ಚಿದರೆ ಈ ನೋವೆಲ್ಲ ಕರಗಿ ಹೋಗುತ್ತದೆ ಅನ್ನಿಸಿತು. ಮೊಣಕಾಲು ಮಡಚತೊಡಗಿತ್ತು. ಅಷ್ಟರಲ್ಲಿ ಕೈಯಲ್ಲಿದ್ದ ಫೋನ್ ಅದುರಿತು. ಮತ್ತೆ ಅದುರಿತು. ಬಿಡದೆ ಅದುರಿತು.

"ಹೊರಗಿದ್ದೀಯಾ? ಹೊರಗಿದ್ದೀಯಾ? ಲಿಸೆಟ್, ಹೊರಗಿದ್ದೀಯಾ?"

ಲಿಸೆಟ್ ತುಟಿ ಕಚ್ಚಿಕೊಂಡಳು. "ಅತ್ತೆ, ಏಳಿ. ಎಲ್ರೂ ಸ್ವಲ್ಪ ಹೊರಗೆ ಹೋಗೋಣ."

"ನಾನು ಬರಲ್ಲ. ಇವನನ್ನ ಬಿಟ್ಟು ಎಲ್ಲಿಗೇ? ಒಂದು ಸಲ ಬಿಟ್ಟು ಮನೆಗೆ ಬಂದೆ. ಆಸ್ಪತ್ರೇಲಿ ಒಬ್ನೇ ಹೋದ."

ಮಾವ ಇಲ್ಲ, ಅದು ವಿಷಗಾಳಿ ಅಂದರೆ ಅತ್ತೆ ಆ ಕುರ್ಚಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಾರು.

"ಮಾವನೂ ಬರ್ಲಿ ಅತ್ತೆ" ಅಂದಳು ಲಿಸೆಟ್. "ಕರೀರಿ ಅವ್ರನ್ನ. ಕಾರಲ್ಲಿ ಕೂತು ಹಿಮ ನೋಡೋಣ, ಮೂರು ಜನವೂ."

ಫ್ಲೊರೀನ್ ಸೊಸೆಯ ಮುಖವನ್ನೇ ನೋಡಿದರು. ಆಮೇಲೆ ಖಾಲಿ ಕುರ್ಚಿಯ ಕಡೆ ಬಾಗಿ, "ಏಳ್ತೀಯಾ? ಹುಡುಗಿ ಕರೀತಿದಾಳೆ" ಅಂದರು.

ಲಿಸೆಟ್ ಅತ್ತೆಯನ್ನು ತೋಳಿನ ಕೆಳಗೆ ಕೈಹಾಕಿ ಎಬ್ಬಿಸಿದಳು. ಇಬ್ಬರೂ ಕುಡಿದವರ ಹಾಗೆ ಗೋಡೆಗೆ ಬಡಿದುಕೊಳ್ಳುತ್ತಾ ಅಡುಗೆಮನೆ ದಾಟಿದರು. ಕೋಟು ಭುಜದ ಮೇಲೆ ಬಿದ್ದಿತೋ ಇಲ್ಲವೋ. ಬಾಗಿಲು ತೆಗೆದಾಗ ಗಾಳಿ ಮುಖಕ್ಕೆ ಹೊಡೆದಂತೆ ಬಂತು. ಲಿಸೆಟ್ ಮೆಟ್ಟಿಲಿಳಿದು ಹಿಮದಲ್ಲೇ ಮಂಡಿಯೂರಿ ವಾಂತಿ ಮಾಡಿಕೊಂಡಳು. ಪಾಟಾಟ್ ಕೊಟ್ಟಿಗೆಯಿಂದ ಓಡಿ ಬಂದು ಅವಳ ಕಿವಿ ನೆಕ್ಕಿತು. ಅಲ್ಲಿಂದಲೇ ಅಗ್ನಿಶಾಮಕಕ್ಕೆ ಫೋನ್ ಮಾಡಿದಳು.

ತಿರುಗಿ ನೋಡಿದರೆ ಫ್ಲೊರೀನ್ ಮೆಟ್ಟಿಲ ಮೇಲೇ ನಿಂತಿದ್ದರು. ಕೈಯಲ್ಲಿ ಬಾಗಿಲು ಅಗಲವಾಗಿ ತೆರೆದು ಹಿಡಿದುಕೊಂಡು, ಒಳಗೆ ನೋಡುತ್ತಾ ಕರೆಯುತ್ತಿದ್ದರು.

"ಬಾ. ಬೇಗ ಬಾ. ಚಳಿ ಒಳಗೆ ಹೋಗತ್ತೆ. ಒನೆಸಿಮ್!"

ಒಳಗೆ ನಡುಮನೆ ಕತ್ತಲಾಗಿತ್ತು. ಹಿಂದಿನ ಕೋಣೆಯ ಬಾಗಿಲಲ್ಲಿ ಹೀಟರಿನ ಕೆಂಪು ಬೆಳಕು ಮಿಣಕ್ ಅನ್ನುತ್ತಿತ್ತು. ಯಾವ ಹೆಜ್ಜೆಯೂ ಕೇಳಲಿಲ್ಲ.

"ಒನೆಸಿಮ್?"

ಲಿಸೆಟ್ ಅತ್ತೆಯ ಸೊಂಟ ಬಳಸಿ ಮೆಟ್ಟಿಲಿಳಿಸಿದಳು. ಅವರು ತಡೆಯಲಿಲ್ಲ. ಬಾಗಿಲಿನ ಕಡೆ ಕತ್ತು ತಿರುಗಿಸಿಕೊಂಡೇ ಕಾರಿನವರೆಗೆ ನಡೆದರು. ತಣ್ಣನೆ ಗಾಳಿ ಎದೆ ತುಂಬಾ ಹೋಗಿ ಬಂದು ಮಾಡುತ್ತಿದ್ದಂತೆ ಅವರ ಕಣ್ಣು ಮೆಲ್ಲಗೆ ತಿಳಿಯಾಯಿತು.

"ಬರ್ತಾ ಇಲ್ಲ ಕಣೇ" ಅಂದರು. ಹಾಗೇ ಅಳುವುದಕ್ಕೆ ಶುರುಮಾಡಿದರು.

ಅಗ್ನಿಶಾಮಕ ಗಾಡಿಯಲ್ಲಿ ಬಂದವಳು ಕೊರೀನ್. ಉಳಿದ ದಿನ ಊರಿನ ಹೆಂಗಸರಿಗೆಲ್ಲ ಕೂದಲು ಕತ್ತರಿಸುವವಳು, ಕರೆ ಬಂದರೆ ಹೆಲ್ಮೆಟ್ ಹಾಕುವವಳು. ಮುಖಕ್ಕೆ ಗಾಳಿಯ ಮುಖವಾಡ ಕಟ್ಟಿ, ಕೈಯಲ್ಲಿ ಅಳೆಯುವ ಯಂತ್ರ ಹಿಡಿದು ಒಳಗೆ ಕಾಲಿಟ್ಟಳು. ಅಡುಗೆಮನೆ ದಾಟುವ ಮೊದಲೇ ಯಂತ್ರ ಚೀರಿಕೊಂಡಿತು. ಹೀಟರ್ ಆರಿಸಿ, ಕಿಟಕಿ ಎಲ್ಲ ತೆಗೆದು, ಮನೆಯ ಹಿಂದೆ ಹೋಗಿ ಹಿಮ ಬಗೆದಳು. ಕೊಂಬೆ ಎಳೆದು ಹಾಕಿದಳು. ಕಟ್ಟನ್ನು ಕಿತ್ತಾಗ ಹುಲ್ಲು ಒಳಮೈಯಲ್ಲಿ ಕಪ್ಪಾಗಿತ್ತು.

"ಫ್ಲೊರೀನ್, ನಿನ್ನ ಹೊದಿಕೆಯಷ್ಟು ಗಟ್ಟಿ ಹೊದಿಕೆ ಊರಲ್ಲಿಲ್ಲ" ಅಂದಳು ಕೊರೀನ್, ಕಾರಿನ ಹತ್ತಿರ ಬಂದು. "ಹೊಗೆಗೆ ಹೊರಗೆ ಹೋಗಕ್ಕೆ ದಾರಿ ಇಲ್ಲ. ನೆಲದ ಸಂದೀಲಿ ತಿರುಗಿ ಒಳಗೇ ಬಂದಿದೆ. ಇವತ್ತು ಈ ಹುಡುಗಿ ನಿನ್ನ ಎಬ್ಬಿಸದೇ ಇದ್ದಿದ್ರೆ, ನಾನು ನಿನ್ನ ಕೂದಲು ಬಾಚೋದು ಶವದ ಪೆಟ್ಟಿಗೇಲಿ ಮಲಗಿಸಿದ ಮೇಲೇ."

"ಹೊಗೆ ಇರಲೇ ಇಲ್ವಲ್ಲೇ! ವಾಸನೆ ಇರ್ಲಿಲ್ಲ, ಕಣ್ಣುರಿ ಇರ್ಲಿಲ್ಲ."

"ಅದೇ ಅದರ ಕೆಟ್ಟ ಗುಣ. ಕಾರ್ಬನ್ ಮೊನಾಕ್ಸೈಡ್ ಅಂತ. ಕಾಣಲ್ಲ, ಮೂಗಿಗೆ ಸಿಗಲ್ಲ. ನಾವು ಉಸಿರಾಡೋ ಒಳ್ಳೇ ಗಾಳಿಯ ಜಾಗಾನ ರಕ್ತದಲ್ಲಿ ಅದೇ ಹಿಡ್ಕೊಂಡುಬಿಡತ್ತೆ. ಮಿದುಳಿಗೆ ಗಾಳಿ ಸಾಲದೆ ಇದ್ರೆ ಇಲ್ಲದ್ದೆಲ್ಲ ಕಾಣತ್ತೆ, ಕೇಳತ್ತೆ. ಆಮೇಲೆ ನಿದ್ದೆ ಬರತ್ತೆ. ಆ ನಿದ್ದೆಯಿಂದ ಏಳೋದು ಕಷ್ಟ."

ಆಸ್ಪತ್ರೆಯಲ್ಲಿ ಅತ್ತೆ ಸೊಸೆ ಇಬ್ಬರಿಗೂ ಆಮ್ಲಜನಕದ ಮುಖವಾಡ ಹಾಕಿ ಅಕ್ಕಪಕ್ಕದ ಮಂಚದಲ್ಲಿ ಮಲಗಿಸಿದರು. ಹಿಮ ಬಗೆಯುತ್ತಾ ಬಂದು ಸೇರಿದ ರೆಮಿ, ಹೀಟರ್ ಹಾಕಿದವನು ಹೇಳಿದ್ದ ಆ ಒಂದು ಮಾತು ನೆನಪಾಗಿ, ಇಬ್ಬರ ನಡುವೆ ಕೂತು ತಲೆ ಎತ್ತಲಿಲ್ಲ. "ಹೇಳಿದ್ದ ಕಣೇ ಅವನು. ಏನೂ ಇಡಬೇಡಿ ಅಂತ ಹೇಳಿದ್ದ" ಅಂತ ಮತ್ತೆ ಮತ್ತೆ ಅಂದ.

ಆದರೆ ಫ್ಲೊರೀನ್‌ಗೆ ಸಮಾಧಾನ ಆಗಲಿಲ್ಲ. ಯಂತ್ರ ಚೀರಿದ್ದು ಕೇಳಿದ್ದರು, ಕಪ್ಪಾದ ಹುಲ್ಲು ನೋಡಿದ್ದರು. ತಲೆ ಒಪ್ಪಿತ್ತು. ಎದೆ ಒಪ್ಪುತ್ತಿರಲಿಲ್ಲ. ಮುಖವಾಡ ಸರಿಸಿ ಸೊಸೆಯನ್ನು ಕೇಳಿದರು: "ಆ ನಿನ್ನ ಅಕ್ಕಂಗೆ ಇದೆಲ್ಲ ಹೇಗೆ ಗೊತ್ತಾಯ್ತು? ಕೇಳು."

ಲಿಸೆಟ್ ಕೇಳಿದಳು. ಈ ಸಲ ಅಕ್ಷರ ಬರಲಿಲ್ಲ. ಫೋನೇ ಬಂತು. ಸ್ಕೂಲ್ ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುವಂಥ ದಪ್ಪ, ಒರಟು ದನಿ. ರೆಮಿ ಒಂದು ಗಳಿಗೆ ಹುಬ್ಬೇರಿಸಿದ. ಗಡ್ಡ ಇರಲಿಲ್ಲ, ಹೆಂಗಸೇ.

"ನನ್ನ ತಂಗಿ ಇಂಗಾ ಅಂತ" ಅಂದಳು ವೆರ್ನಕ್ಕ. "ಹೆಪ್ಪುಗಟ್ಟಿದ ಕೆರೆ ಮೇಲೆ ಮೀನು ಹಿಡಿಯೋ ಗುಡಿಸಲು ಹಾಕ್ಕೊಂಡಿದ್ರು, ಗಂಡ ಹೆಂಡ್ತಿ. ಗಾಳಿ ಬರತ್ತೆ ಅಂತ ಕಿಂಡಿಗೆಲ್ಲ ಬಟ್ಟೆ ತುರುಕಿ ಸ್ಟೋವ್ ಹಚ್ಚಿದ್ರು. ನಾನು ಊಟ ತಗೊಂಡು ಹೋದೆ. ಬಾಗಿಲು ತಟ್ಟಿದೆ. ತಟ್ಟುತ್ತಲೇ ಇದ್ದೆ."

ಫ್ಲೊರೀನ್ ಮಂಚದಲ್ಲೇ ಫೋನಿನ ಕಡೆ ಹೊರಳಿದರು.

"ನಿಂಗೆ ಕಾಣಿಸ್ಕೋತಾಳಾ ಅವಳು?" ಅಂತ ಫ್ಲೊರೀನ್ ಕೇಳಿದರು.

"ಇಲ್ಲಮ್ಮ. ಕಾಣ್ಲಿ ಅಂತ ಆಸೆ ಇದೆ. ಎಷ್ಟೋ ವರ್ಷದಿಂದ ಇದೆ."

"ಹಂಗಾದ್ರೆ ನನ್ನ ಹತ್ರಾನೂ ಅವನು ಬರ್ಲಿಲ್ಲ ಅನ್ನು."

ವೆರ್ನಕ್ಕ ಉಸಿರು ಎಳೆದುಕೊಂಡಿದ್ದು ಕೇಳಿಸಿತು. "ನೋಡಮ್ಮ, ಸತ್ತೋರು ಬರ್ತಾರೋ ಇಲ್ವೋ ನಂಗೆ ಗೊತ್ತಿಲ್ಲ. ನಾನು ಬಸ್ ಓಡಿಸ್ದೋಳು. ಆದ್ರೆ ನಿನ್ನ ಗಂಡ ಅಷ್ಟು ವರ್ಷ ಮನೇಲಿದ್ದ. ಯಾವತ್ತಾದ್ರೂ ಅವನು ಕೂತಲ್ಲಿ ನಿಂಗೆ ವಾಂತಿ ಬಂದಿತ್ತಾ? ಸೊಸೆಗೆ ತಲೆ ಸಿಡಿದಿತ್ತಾ? ನಾಯಿ ಅವನನ್ನ ಬಿಟ್ಟು ಹಿಮದಲ್ಲಿ ಮಲಗಿತ್ತಾ?"

"ಪಾಟಾಟ್ ಅವನ ಕಾಲಡೀನೇ ಇರೋದು" ಅಂದರು ಫ್ಲೊರೀನ್.

"ಮತ್ತೆ? ನಮ್ಮೋರು ಬಂದ್ರೆ ಮನೇಲಿರೋರನ್ನ ಕಾಯ್ತಾರೆ ಕಣಮ್ಮ. ಹೀಗೆ ಮಲಗಿಸಿ ಕರ್ಕೊಂಡು ಹೋಗಲ್ಲ. ಅದು ಅವನಲ್ಲ."

ಫ್ಲೊರೀನ್ ಮುಖವಾಡವನ್ನು ತಾವೇ ಮೂಗಿಗೆ ಸರಿಯಾಗಿ ಎಳೆದುಕೊಂಡರು.

ಮನೆಗೆ ಬಂದ ದಿನ ರೆಮಿ ವಿಷಗಾಳಿ ಹಿಡಿಯುವ ಅಲಾರಂ ತಂದು, ಮಲಗುವ ಕೋಣೆಗಳ ಹತ್ತಿರ ಒಂದು, ಕೆಳಗೊಂದು ಹಾಕಿದ. ಫ್ಲೊರೀನ್ ಗುಂಡಿ ಒತ್ತಿ ನೋಡಿದರು. ಅದು ಕಿವಿ ಕಿತ್ತು ಬರುವಂತೆ ಕೂಗಿತು. "ನಿಮ್ಮಪ್ಪನ ಗೊರಕೆಗಿಂತ ಜೋರಾಗಿದೆ" ಅಂದರು. ಆಮೇಲೆ ಕೋಟು ಹಾಕಿಕೊಂಡು, ಪಕ್ಕದ ಮನೆಗೆ ಹೋಗಿ, ಕರೆಗಂಟೆ ಕೂಡ ಒತ್ತದೆ ಅವರ ಹಿತ್ತಿಲಿಗೆ ನುಗ್ಗಿ ಹುಲ್ಲಿನ ಕಟ್ಟುಗಳನ್ನು ಒಂದೊಂದಾಗಿ ಎಳೆದು ನೋಡತೊಡಗಿದರು. ಕಿಟಕಿಯಿಂದ ಪಕ್ಕದ ಮನೆಯಾಕೆ ಕೂಗಿದಳು: "ಏನಮ್ಮ ಫ್ಲೊರೀನ್, ನನ್ನ ಮನೆ ಬಟ್ಟೆ ಬಿಚ್ತಿದ್ದೀಯಾ?"

"ನಿಮ್ಮನೇ ಹೊಗೆ ಎಲ್ಲಿಂದ ಹೋಗತ್ತೆ, ಮೊದ್ಲು ಅದನ್ನ ಹೇಳು!" ಅಂದರು ಫ್ಲೊರೀನ್.

ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಅದೇ ಪ್ರಶ್ನೆ. ನಿಮ್ಮ ಮನೆ ಮುಂದೆ ಹಿಮ ಬೀಳದೇ ಇರಬಹುದು. ಆದರೆ ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇರಬಹುದು. ಬಾಣಂತಿ ಕೋಣೆಯಲ್ಲಿ ಬೆಚ್ಚಗಿರಲಿ ಅಂತ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿರಬಹುದು. ಕರೆಂಟು ಹೋಯಿತು ಅಂತ ಜನರೇಟರನ್ನು ಒಳಗೇ ಓಡಿಸುತ್ತಿರಬಹುದು. ಏನೇ ಉರಿದರೂ ಅದರ ಗಾಳಿಗೆ ಹೊರಗೆ ಹೋಗುವ ದಾರಿ ಬೇಕು. ಗೀಸರ್ ಬಚ್ಚಲಿನ ಹೊರಗಿರಲಿ. ಕೆಂಡ ಮತ್ತು ಜನರೇಟರ್ ಮನೆಯ ಹೊರಗಿರಲಿ. ಆಗುವವರು ಒಂದು ಅಲಾರಂ ಹಾಕಿಸಿ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಂತಿ, ಮಂಪರು ಬಂದು ಹೊರಗೆ ಹೋದರೆ ಹಗುರಾದರೆ, ದೃಷ್ಟಿ ತೆಗೆಯುತ್ತಾ ಕೂರಬೇಡಿ. ಎಲ್ಲರನ್ನೂ ಹೊರಗೆ ಕರೆತನ್ನಿ, ಆಮೇಲೆ ಫೋನ್ ಮಾಡಿ. ಮತ್ತೆ, ದೂರದ ಸ್ನೇಹಿತರೊಬ್ಬರು ಒಳ್ಳೆಯ ಮಾತು ಹೇಳಿದರೆ ಹತ್ತಿರದವರ ಹತ್ತಿರ ಪರೀಕ್ಷೆ ಮಾಡಿಸಿ. ನಿಜವಾದ ಸ್ನೇಹಿತರು ತಾವೇ ಹಾಗೆ ಮಾಡಿ ಅನ್ನುತ್ತಾರೆ.

ಈ ಹಾಳೆಯನ್ನು ಈಗ ಕೆಳಗಿಡಿ. ಎದ್ದು ಹೋಗಿ, ನಿಮ್ಮ ಮನೆಯಲ್ಲಿ ಉರಿಯುವುದರ ಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ ಅಂತ ಕಣ್ಣಾರೆ ನೋಡಿ ಬನ್ನಿ. ಒಳಗೆ ಮಲಗಿರುವವರನ್ನು ಎಬ್ಬಿಸುವ ಕೈ ನಿಮ್ಮದೇ.